ಹಬ್ಬದ ಬೆಳಗಿಗೆ ಸಿನಮನ್ ರೋಲ್: ಹಿಂದಿನ ಸಂಜೆಯೇ ಮುಗಿಸಬೇಕಾದ ಕೆಲಸ

ಅಮೆರಿಕದ ಬಹಳಷ್ಟು ಮನೆಗಳಲ್ಲಿ ಕ್ರಿಸ್‌ಮಸ್ ದಿನದ ಬೆಳಗಿನ ತಿಂಡಿಗೆ ಸಿನಮನ್ ರೋಲ್ ಇರಲೇಬೇಕು. ಯೀಸ್ಟ್ ಹಾಕಿ ಉಬ್ಬಿಸಿದ ಮೈದಾ ಹಿಟ್ಟನ್ನು ಅಗಲವಾಗಿ ಲಟ್ಟಿಸಿ, ಅದರ ಮೇಲೆ ಬೆಣ್ಣೆ, ಬ್ರೌನ್ ಶುಗರ್ ಮತ್ತು ದಾಲ್ಚಿನ್ನಿ ಪುಡಿಯನ್ನು ಹರಡಿ, ಸುರುಳಿ ಸುತ್ತಿ, ತುಂಡು ಮಾಡಿ ಓವನ್‌ನಲ್ಲಿ ಬೇಯಿಸುವ ಸಿಹಿ ಬನ್ ಇದು. ಉತ್ತರ ಯೂರೋಪಿನಲ್ಲಿಯೂ ಇದು ಮನೆಮಾತು. ಸ್ವೀಡನ್ನಿನಲ್ಲಿ ಇದನ್ನು ಕಾನೆಲ್‌ಬುಲ್ಲೆ ಎನ್ನುತ್ತಾರೆ. 1999ರಿಂದ ಅಲ್ಲಿ ಅಕ್ಟೋಬರ್ 4 ಇದರದೇ ದಿನ. ಸ್ವೀಡನ್ನಿನವರು ಹಿಟ್ಟಿಗೆ ಏಲಕ್ಕಿ ಸೇರಿಸಿ, ಬನ್ನುಗಳನ್ನು ಬಿಡಿಬಿಡಿಯಾಗಿ ಬೇಯಿಸಿ, ಮೇಲೆ ದಪ್ಪ ಸಕ್ಕರೆ ಹರಳುಗಳನ್ನು ಉದುರಿಸುತ್ತಾರೆ. ಅಮೆರಿಕದ ರೋಲ್ ಗಾತ್ರದಲ್ಲಿ ದೊಡ್ಡದು, ಇನ್ನೂ ಮೃದು; ಒಂದೇ ಟ್ರೇಯಲ್ಲಿ ಒತ್ತೊತ್ತಾಗಿ ಬೆಂದು, ಮೇಲೆ ಕ್ರೀಮ್ ಚೀಸ್ ಐಸಿಂಗ್ ಹಚ್ಚಿಸಿಕೊಂಡು ಬಿಸಿಯಾಗಿಯೇ ತಟ್ಟೆಗೆ ಬರುತ್ತದೆ. ಈ ಬರಹದಲ್ಲಿ ವಿವರಿಸುತ್ತಿರುವುದು ಈ ಎರಡನೆಯ ಬಗೆಯನ್ನು.

ಮಂಗಳೂರಿನ ಕ್ರೈಸ್ತ ಮನೆಗಳ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಲ್ಲಿ ಇದಕ್ಕೆ ಸ್ಥಾನವಿಲ್ಲ; ನಮ್ಮ ಕಡೆಗೆ ಇದು ಹೊಸದಾಗಿ ಬಂದದ್ದು. ಆದರೆ ಡಿಸೆಂಬರ್ ರಜೆಯಲ್ಲಿ ಮಕ್ಕಳೆಲ್ಲ ಮನೆಯಲ್ಲಿರುವಾಗ, ಹೊರದೇಶದಲ್ಲಿರುವ ಕನ್ನಡಿಗರ ಮನೆಯಲ್ಲಾಗಲಿ ಬೆಂಗಳೂರಿನ ಅಡುಗೆಮನೆಯಲ್ಲಾಗಲಿ, ಇದನ್ನು ಮಾಡಲು ಬೇಕಾದ ಸಾಮಗ್ರಿಗಳು ಈಗ ಸುಲಭವಾಗಿ ಸಿಗುತ್ತವೆ. ಎಡವುವುದು ಸಾಮಗ್ರಿಯಲ್ಲಲ್ಲ, ಸಮಯದಲ್ಲಿ. ಬೆಳಗ್ಗೆ ಎದ್ದು ಹಿಟ್ಟು ನಾದಲು ಶುರು ಮಾಡಿದರೆ ರೋಲ್ ತಟ್ಟೆಗೆ ಬರುವ ಹೊತ್ತಿಗೆ ಮಧ್ಯಾಹ್ನದ ಊಟದ ವೇಳೆಯಾಗಿರುತ್ತದೆ. ಆ ಆತುರದಲ್ಲಿ ಹಿಟ್ಟನ್ನು ಸಾಕಷ್ಟು ಉಬ್ಬಲು ಬಿಡದೆ ಬೇಯಿಸಿದರೆ ರೋಲ್ ಗಟ್ಟಿಯಾಗುತ್ತದೆ. ನಾದುವುದು, ಉಬ್ಬಿಸುವುದು, ಸುತ್ತುವುದು, ಕತ್ತರಿಸುವುದು, ಇವೆಲ್ಲವೂ ಹಿಂದಿನ ಸಂಜೆಯೇ ಮುಗಿಯಬೇಕು. ರಾತ್ರಿಯಿಡೀ ರೋಲ್‌ಗಳು ಫ್ರಿಜ್‌ನಲ್ಲಿ ತಣ್ಣಗೆ ಕುಳಿತಿರಬೇಕು, ಬೆಳಗ್ಗೆ ಬೇಯಿಸುವುದಷ್ಟೇ ಉಳಿಯಬೇಕು. ಇದರಿಂದ ಅನುಕೂಲ ಮಾತ್ರವಲ್ಲ, ರುಚಿಯೂ ಹೆಚ್ಚುತ್ತದೆ. ತಂಪಿನಲ್ಲಿ ನಿಧಾನವಾಗಿ ಹುದುಗಿದ ಹಿಟ್ಟಿಗೆ ಅವಸರದಲ್ಲಿ ಉಬ್ಬಿದ ಹಿಟ್ಟಿಗಿಲ್ಲದ ಪರಿಮಳ ಬರುತ್ತದೆ.

ಹನ್ನೆರಡು ರೋಲ್‌ಗಳಿಗೆ ಒಟ್ಟು 500 ಗ್ರಾಂ ಮೈದಾ, 300 ಮಿಲಿಲೀಟರ್ ಹಾಲು, ಒಂದು ಮೊಟ್ಟೆ, 70 ಗ್ರಾಂ ಸಕ್ಕರೆ, 70 ಗ್ರಾಂ ಬೆಣ್ಣೆ, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಮತ್ತು 7 ಗ್ರಾಂ ಉಪ್ಪು ಬೇಕು. ಮೊಟ್ಟೆ ಬಳಸದ ಮನೆಯವರು ಅದರ ಬದಲು ಮೂರು ದೊಡ್ಡ ಚಮಚ ಹಾಲನ್ನು ಹೆಚ್ಚಿಗೆ ಹಾಕಿದರೆ ಸಾಕು. ಬಣ್ಣ ತುಸು ತಿಳಿಯಾಗುತ್ತದೆಯೇ ಹೊರತು ಮೃದುತ್ವಕ್ಕೆ ಕೊರತೆಯಾಗದು. ಒಳಗಿನ ಹೂರಣಕ್ಕೆ 80 ಗ್ರಾಂ ಬೆಣ್ಣೆ, 150 ಗ್ರಾಂ ಬ್ರೌನ್ ಶುಗರ್, 12 ಗ್ರಾಂ ಅಂದರೆ ಸುಮಾರು ಒಂದೂವರೆ ದೊಡ್ಡ ಚಮಚ ದಾಲ್ಚಿನ್ನಿ ಪುಡಿ, ಒಂದು ದೊಡ್ಡ ಚಮಚ ಮೈದಾ ಮತ್ತು ಒಂದು ಚಿಟಿಕೆ ಉಪ್ಪು ಬೇಕು. ಇಲ್ಲೆಲ್ಲ ಉಪ್ಪಿಲ್ಲದ ಬೆಣ್ಣೆಯನ್ನೇ ಬಳಸಬೇಕು. ಲೋಟದಲ್ಲಿ ಅಳೆಯುವುದಕ್ಕಿಂತ ತಕ್ಕಡಿಯಲ್ಲಿ ತೂಗುವುದು ಲೇಸು, ಏಕೆಂದರೆ ಒತ್ತಿ ತುಂಬಿದ ಒಂದು ಲೋಟ ಮೈದಾಕ್ಕೂ ಸಡಿಲವಾಗಿ ತುಂಬಿದ ಒಂದು ಲೋಟ ಮೈದಾಕ್ಕೂ ತೂಕದಲ್ಲಿ ಗಣನೀಯ ವ್ಯತ್ಯಾಸ ಬರುತ್ತದೆ, ಮತ್ತು ಈ ತಿಂಡಿಯಲ್ಲಿ ಮೈದಾ ಸ್ವಲ್ಪ ಹೆಚ್ಚಾದರೂ ರೋಲ್ ಒರಟಾಗುತ್ತದೆ.

ದಾಲ್ಚಿನ್ನಿಯ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಇಡೀ ತಿಂಡಿ ನಿಂತಿರುವುದೇ ಅದರ ಮೇಲೆ. ನಮ್ಮ ದಿನಸಿ ಅಂಗಡಿಗಳಲ್ಲಿ ಚಕ್ಕೆ ಎಂದು ಕೊಡುವುದು ಹೆಚ್ಚಾಗಿ ಕ್ಯಾಸಿಯಾ ಎಂಬ ಜಾತಿಯ ತೊಗಟೆ: ದಪ್ಪ, ಗಟ್ಟಿ, ಬೆರಳಲ್ಲಿ ಮುರಿಯಲು ಬಲ ಬೇಕು, ಒಂದೇ ಪದರವಾಗಿ ಬಾಗಿರುತ್ತದೆ. ಶ್ರೀಲಂಕಾದ ದಾಲ್ಚಿನ್ನಿ ಬೇರೆ. ಕಾಗದದಷ್ಟು ತೆಳ್ಳಗಿನ ಹಲವು ಪದರಗಳು ಒಂದರೊಳಗೊಂದು ಸುತ್ತಿಕೊಂಡಿದ್ದು, ಹಿಡಿದು ಒತ್ತಿದರೆ ಪುಡಿಪುಡಿಯಾಗುತ್ತದೆ, ಪರಿಮಳ ನಯವಾಗಿರುತ್ತದೆ. ಅಮೆರಿಕದ ಸಿನಮನ್ ರೋಲ್‌ನ ಖಾರಮಿಶ್ರಿತ ಘಾಟು ಕ್ಯಾಸಿಯಾದ್ದು. ಅಲ್ಲಿ ಮಾರಾಟವಾಗುವ ದಾಲ್ಚಿನ್ನಿ ಪುಡಿಯಲ್ಲಿ ಹೆಚ್ಚಿನದು ಇಂಡೋನೇಷ್ಯಾದ ಕ್ಯಾಸಿಯಾ. ಆದ್ದರಿಂದ ನಮ್ಮ ಅಂಗಡಿಯ ಚಕ್ಕೆ ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ರಾಸಾಯನಿಕ ಹೆಚ್ಚಾಗಿದ್ದು, ಅದನ್ನು ದಿನವೂ ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಯಕೃತ್ತಿಗೆ ತೊಂದರೆಯಾಗಬಹುದು. ಈ ಕಾರಣಕ್ಕೆ ಐರೋಪ್ಯ ಒಕ್ಕೂಟವು ದಾಲ್ಚಿನ್ನಿ ಹಾಕಿದ ಸಾಂಪ್ರದಾಯಿಕ ಹಾಗೂ ಹಬ್ಬದ ಬೇಕರಿ ತಿನಿಸುಗಳಲ್ಲಿ ಅದರ ಪ್ರಮಾಣ ಕಿಲೋಗೆ 50 ಮಿಲಿಗ್ರಾಂ ಮೀರಬಾರದೆಂದು ನಿಯಮ ಮಾಡಿದೆ. ಹಬ್ಬಕ್ಕೊಮ್ಮೆ ತಿನ್ನುವವರು ಇದಕ್ಕಾಗಿ ಚಿಂತಿಸಬೇಕಾಗಿಲ್ಲ. ಯಾವುದನ್ನೇ ಬಳಸಿದರೂ ಪುಡಿ ಹೊಸದಾಗಿರಬೇಕು. ಚಕ್ಕೆಯನ್ನು ಬಾಣಲೆಯಲ್ಲಿ ಬೆಚ್ಚಗಾಗುವಷ್ಟೇ ಹುರಿದು, ಆರಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದುಕೊಂಡರೆ ಡಬ್ಬಿಯಲ್ಲಿ ವರ್ಷಗಟ್ಟಲೆ ಕುಳಿತ ಪುಡಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಜರಡಿ ಹಿಡಿಯದಿದ್ದರೆ ತರಿ ನಾಲಿಗೆಗೆ ಮರಳಿನ ಹಾಗೆ ಸಿಗುತ್ತದೆ.

ಬ್ರೌನ್ ಶುಗರ್ ಎಂದರೆ ಕಾಕಂಬಿಯ (ಸಕ್ಕರೆ ತಯಾರಿಸುವಾಗ ಉಳಿಯುವ ಕಪ್ಪು ಪಾಕ) ಅಂಶ ಉಳಿದಿರುವ, ಇಲ್ಲವೇ ಬಿಳಿ ಸಕ್ಕರೆಗೆ ಕಾಕಂಬಿ ಬೆರೆಸಿದ ಸಕ್ಕರೆ. ಅದು ಸಿಗದಿದ್ದರೆ 140 ಗ್ರಾಂ ಸಕ್ಕರೆಗೆ ಒಂದು ದೊಡ್ಡ ಚಮಚ ಜೋನಿ ಬೆಲ್ಲ ಹಾಕಿ ಬೆರಳಲ್ಲಿ ಉಜ್ಜಿದರೆ ತೇವವಾದ, ಕಂದು ಬಣ್ಣದ ಸಕ್ಕರೆ ಅಲ್ಲೇ ಸಿದ್ಧವಾಗುತ್ತದೆ. ಮಲೆನಾಡಿನ ಜೋನಿ ಬೆಲ್ಲದ ಪರಿಮಳ ದಾಲ್ಚಿನ್ನಿಯ ಜೊತೆ ಎಷ್ಟು ಸೊಗಸಾಗಿ ಕೂಡುತ್ತದೆ ಎಂದರೆ, ಬ್ರೌನ್ ಶುಗರ್ ಮನೆಯಲ್ಲಿದ್ದರೂ ನಾನು ಇದನ್ನೇ ಆರಿಸುತ್ತೇನೆ.

ಸಂಜೆ ಆರು ಗಂಟೆಗೆ ಕೆಲಸ ಆರಂಭಿಸಿದರೆ ನಿರಾತಂಕವಾಗಿ ಮುಗಿಯುತ್ತದೆ. ಮೊದಲು ಮಾಡಬೇಕಾದದ್ದು ಗಂಜಿ. ತೂಗಿಟ್ಟ ಮೈದಾದಿಂದ 30 ಗ್ರಾಂ ಮತ್ತು ಅಳೆದಿಟ್ಟ ಹಾಲಿನಿಂದ 150 ಮಿಲಿಲೀಟರ್ ತೆಗೆದು, ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಬೇಕು. ಎರಡು ಮೂರು ನಿಮಿಷದಲ್ಲಿ ಅದು ಗಟ್ಟಿಯಾಗತೊಡಗಿ, ಸೌಟು ಎಳೆದ ಜಾಡು ತಳದಲ್ಲಿ ಉಳಿಯುವಂತಾದಾಗ ಇಳಿಸಬೇಕು. ಪೂರ್ವ ಏಷ್ಯಾದ ಬೇಕರಿಗಳಲ್ಲಿ ಮೃದುವಾದ ಬ್ರೆಡ್ಡಿಗೆ ಬಳಸುವ ಕ್ರಮವಿದು. ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೈದಾದ ಪಿಷ್ಟ ಬಹಳಷ್ಟು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ, ಹಿಟ್ಟು ಕೈಗೆ ಅತಿಯಾಗಿ ಅಂಟದೆಯೂ ಹೆಚ್ಚು ತೇವ ಉಳಿಸಿಕೊಳ್ಳುತ್ತದೆ; ರೋಲ್ ಮಾರನೆಯ ದಿನವೂ ಮೃದುವಾಗಿಯೇ ಇರುತ್ತದೆ. ಐದೇ ನಿಮಿಷದ ಈ ಕೆಲಸವನ್ನು ಬಿಡಬಾರದು.

ಗಂಜಿ ಉಗುರುಬೆಚ್ಚಗಾದ ಮೇಲೆ ಉಳಿದ 150 ಮಿಲಿಲೀಟರ್ ಹಾಲನ್ನು ಅಷ್ಟೇ ಬೆಚ್ಚಗೆ ಮಾಡಿ ಅದಕ್ಕೆ ಸೇರಿಸಬೇಕು. 38ರಿಂದ 40 ಡಿಗ್ರಿ ಸರಿಯಾದ ಶಾಖ. ಕಿರುಬೆರಳು ಅದ್ದಿದರೆ ಹಿತವಾಗಿರಬೇಕು, ಚುರುಕ್ಕೆನ್ನಬಾರದು. 55 ಡಿಗ್ರಿ ದಾಟಿದರೆ ಯೀಸ್ಟ್ ಸಾಯತೊಡಗುತ್ತದೆ, ಆಮೇಲೆ ಎಷ್ಟು ಹೊತ್ತು ಕಾದರೂ ಹಿಟ್ಟು ಏಳುವುದಿಲ್ಲ. ಇನ್‌ಸ್ಟಂಟ್ ಯೀಸ್ಟ್ ಆದರೆ ನೇರವಾಗಿ ಮೈದಾಕ್ಕೆ ಬೆರೆಸಬಹುದು. ದಪ್ಪ ಕಾಳುಗಳ ಆ್ಯಕ್ಟಿವ್ ಡ್ರೈ ಯೀಸ್ಟ್ ಆಗಿದ್ದರೆ 9 ಗ್ರಾಂ ತೆಗೆದುಕೊಂಡು ಬೆಚ್ಚಗಿನ ಹಾಲಿನಲ್ಲಿ ಒಂದು ಚಮಚ ಸಕ್ಕರೆಯೊಂದಿಗೆ ಹತ್ತು ನಿಮಿಷ ನೆನೆಸಬೇಕು. ಮೇಲೆ ನೊರೆ ಬಾರದಿದ್ದರೆ ಆ ಯೀಸ್ಟ್ ಹಳೆಯದಾಗಿದೆ ಎಂದರ್ಥ, ಅದನ್ನು ಚೆಲ್ಲಿ ಹೊಸ ಪೊಟ್ಟಣ ತೆರೆಯುವುದೇ ಸರಿ.

ಮೈದಾ, ಸಕ್ಕರೆ, ಉಪ್ಪು, ಯೀಸ್ಟ್, ಗಂಜಿ ಬೆರೆತ ಹಾಲು ಮತ್ತು ಮೊಟ್ಟೆಯನ್ನು ಒಟ್ಟುಗೂಡಿಸಿ ಹತ್ತು ನಿಮಿಷ ಮುಚ್ಚಿಟ್ಟು, ಆಮೇಲೆ ನಾದಲು ಆರಂಭಿಸಬೇಕು. ಮೊದಲ ಐದು ನಿಮಿಷ ಹಿಟ್ಟು ಕೈಗೂ ಹಲಗೆಗೂ ಅಂಟಿಕೊಂಡು ಬೇಸರ ತರಿಸುತ್ತದೆ. ಆಗ ಮೈದಾ ಉದುರಿಸಬೇಕೆಂಬ ಆಸೆ ಎಲ್ಲರಿಗೂ ಆಗುತ್ತದೆ. ಅದನ್ನು ತಡೆದುಕೊಳ್ಳುವುದೇ ಈ ಅಡುಗೆಯ ಅತಿ ಮುಖ್ಯ ಶಿಸ್ತು. ಅಂಗೈಯಿಂದ ದೂಡಿ, ಮಡಿಸಿ, ತಿರುಗಿಸುತ್ತ ಹೋದಂತೆ ಅಂಟು ತಾನಾಗಿ ಕಡಿಮೆಯಾಗಿ ಮೈ ನುಣುಪಾಗುತ್ತದೆ. ಆ ಹಂತದಲ್ಲಿ ಮೆತ್ತಗಿನ ಬೆಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಇನ್ನೂ ಏಳೆಂಟು ನಿಮಿಷ ನಾದಬೇಕು. ಬೆಣ್ಣೆ ಸೇರಿದ ಕೂಡಲೇ ಹಿಟ್ಟು ಒಡೆದು ಜಾರುತ್ತದೆ, ಕೆಟ್ಟುಹೋಯಿತೇನೋ ಎನಿಸುತ್ತದೆ; ಗಾಬರಿಪಡದೆ ಮುಂದುವರಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಮೊದಲೇ ಬೆಣ್ಣೆ ಹಾಕದಿರುವುದಕ್ಕೆ ಕಾರಣವಿದೆ: ಕೊಬ್ಬು ಮೈದಾದ ಕಣಗಳನ್ನು ಆವರಿಸಿಬಿಟ್ಟರೆ ಹಿಟ್ಟಿಗೆ ಬಲ ಕೊಡುವ ಗ್ಲುಟೆನ್ ಎಳೆಗಳು ಸರಿಯಾಗಿ ಬೆಳೆಯುವುದಿಲ್ಲ. ಕೊನೆಗೆ ಹಿಟ್ಟು ಹೋಳಿಗೆಯ ಕಣಕದಷ್ಟು ಮೃದುವಾಗಿರಬೇಕು, ಆದರೆ ಅದಕ್ಕಿಂತ ಹೆಚ್ಚು ಪುಟಿಯಬೇಕು. ನೆಲ್ಲಿಕಾಯಿ ಗಾತ್ರದ ಹಿಟ್ಟನ್ನು ಎರಡೂ ಕೈಯ ಬೆರಳುಗಳಲ್ಲಿ ನಿಧಾನವಾಗಿ ಹಿಗ್ಗಿಸಿದಾಗ ಹರಿಯದೆ, ದೀಪದ ಬೆಳಕು ಹಾಯುವಷ್ಟು ತೆಳ್ಳಗಾದರೆ ನಾದಿದ್ದು ಸಾಕು. ಸ್ವೀಡನ್ನಿನ ಬಗೆಯನ್ನು ಮೆಚ್ಚುವವರು ಈ ಹಿಟ್ಟಿಗೇ ಒಂದು ಚಿಕ್ಕ ಚಮಚ ಏಲಕ್ಕಿ ಪುಡಿ ಸೇರಿಸಬಹುದು. ದಾಲ್ಚಿನ್ನಿಯನ್ನು ಮಾತ್ರ ಹಿಟ್ಟಿನೊಳಗೆ ಧಾರಾಳವಾಗಿ ಬೆರೆಸಬಾರದು, ಏಕೆಂದರೆ ಅದರ ಪರಿಮಳಕ್ಕೆ ಕಾರಣವಾದ ಸಿನಮಾಲ್ಡಿಹೈಡ್ ಯೀಸ್ಟ್‌ನ ಕೆಲಸವನ್ನು ಕುಗ್ಗಿಸುತ್ತದೆ.

ಎಣ್ಣೆ ಸವರಿದ ಪಾತ್ರೆಯಲ್ಲಿ ಹಿಟ್ಟನ್ನಿಟ್ಟು ಮುಚ್ಚಿ, ಎರಡರಷ್ಟಾಗುವವರೆಗೆ ಬಿಡಬೇಕು. ಗಡಿಯಾರಕ್ಕಿಂತ ಹಿಟ್ಟನ್ನೇ ನೋಡುವುದು ಒಳ್ಳೆಯದು. ಕರಾವಳಿಯ ಸೆಕೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು. ಡಿಸೆಂಬರಿನ ಬೆಂಗಳೂರಿನಲ್ಲಿ ಒಂದೂವರೆ ಗಂಟೆ ಬೇಕಾಗುತ್ತದೆ. ಹೀಟರ್ ಹಾಕಿ 20 ಡಿಗ್ರಿಯಲ್ಲಿಟ್ಟ ಅಮೆರಿಕದ ಮನೆಯಲ್ಲಿ ಎರಡು ಗಂಟೆಯೂ ಆಗಬಹುದು. ಚಳಿ ಹೆಚ್ಚಿದ್ದರೆ ಓವನ್ನಿನ ಶಾಖ ಹಾಕದೆ ಒಳಗಿನ ದೀಪವನ್ನಷ್ಟೇ ಉರಿಸಿ, ಪಾತ್ರೆಯನ್ನು ಅದರೊಳಗಿಟ್ಟರೆ ಹದವಾದ ಬೆಚ್ಚಗಿನ ಜಾಗ ಸಿಗುತ್ತದೆ.

ಹಿಟ್ಟು ಉಬ್ಬುವಷ್ಟರಲ್ಲಿ ಹೂರಣದ ಬೆಣ್ಣೆ ಹೊರಗಿದ್ದು ಮೆತ್ತಗಾಗಿರಬೇಕು. ಕರಗಿಸಿದ ಬೆಣ್ಣೆ ಬೇಡ. ಕರಗಿದ ಬೆಣ್ಣೆ ಸುತ್ತುವಾಗಲೇ ಅಂಚಿನಿಂದ ಒಸರಿ, ಬೇಯುವಾಗ ಸಕ್ಕರೆಯನ್ನೂ ಎಳೆದುಕೊಂಡು ತಟ್ಟೆಯ ತಳ ಸೇರುತ್ತದೆ. ರೋಲ್‌ನ ಒಳಗೆ ಬರಿಯ ಬ್ರೆಡ್ ಉಳಿಯುತ್ತದೆ. ಹೂರಣಕ್ಕೆ ಒಂದು ಚಮಚ ಮೈದಾ ಸೇರಿಸುವುದೂ ಇದೇ ಕಾರಣಕ್ಕೆ, ಕರಗಿದ ಸಕ್ಕರೆಯ ಪಾಕವನ್ನು ಅದು ಹಿಡಿದು ನಿಲ್ಲಿಸುತ್ತದೆ.

ಉಬ್ಬಿದ ಹಿಟ್ಟನ್ನು ಮೆಲ್ಲಗೆ ಒತ್ತಿ ಗಾಳಿ ತೆಗೆದು, ತುಸುವೇ ಮೈದಾ ಉದುರಿಸಿದ ಹಲಗೆಯ ಮೇಲೆ 45 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಬೇಕು. ಹಿಟ್ಟು ಹಿಂದಕ್ಕೆ ಜಗ್ಗಿಕೊಳ್ಳುತ್ತಿದ್ದರೆ ಐದು ನಿಮಿಷ ಬಟ್ಟೆ ಮುಚ್ಚಿ ಬಿಟ್ಟರೆ ಪಳಗುತ್ತದೆ. ಮೂಲೆಗಳನ್ನು ಚೌಕವಾಗಿ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ತುದಿಯ ರೋಲ್‌ಗಳು ಸಣಕಲಾಗುತ್ತವೆ. ಬೆಣ್ಣೆಯನ್ನು ಅಂಚಿನವರೆಗೂ ಸವರಿ, ನಮ್ಮಿಂದ ದೂರದ ಉದ್ದ ಅಂಚಿನಲ್ಲಿ ಮಾತ್ರ ಒಂದು ಬೆರಳಿನಷ್ಟು ಜಾಗ ಬಿಡಬೇಕು. ಸಕ್ಕರೆ ಮತ್ತು ದಾಲ್ಚಿನ್ನಿಯ ಮಿಶ್ರಣವನ್ನು ಸಮನಾಗಿ ಹರಡಿ, ಅದು ಬೆಣ್ಣೆಗೆ ಕಚ್ಚಿಕೊಳ್ಳುವಂತೆ ಅಂಗೈಯಿಂದ ಒತ್ತಬೇಕು. ಆಮೇಲೆ ಹತ್ತಿರದ ಉದ್ದ ಅಂಚಿನಿಂದ ಸುತ್ತುತ್ತ ಹೋಗಬೇಕು. ಸಡಿಲವಾಗಿ ಸುತ್ತಿದರೆ ಪದರಗಳ ನಡುವೆ ಪೊಳ್ಳು ಉಳಿಯುತ್ತದೆ, ಬಿಗಿದು ಸುತ್ತಿದರೆ ಬೇಯುವಾಗ ನಡುಭಾಗ ಗೋಪುರವಾಗಿ ಮೇಲೆದ್ದುಬಿಡುತ್ತದೆ. ಹಿಟ್ಟನ್ನು ಎಳೆಯದೆ, ಆದರೆ ಪದರಕ್ಕೆ ಪದರ ತಾಗುವಂತೆ ಸುತ್ತುವುದು ಹದ. ಖಾಲಿ ಬಿಟ್ಟ ಅಂಚನ್ನು ಚಿವುಟಿ ಮುಚ್ಚಬೇಕು.

ಕತ್ತರಿಸಲು ಚಾಕು ಬೇಡ, ದಾರ ಬೇಕು. ಚಾಕು ಎಷ್ಟೇ ಹರಿತವಾಗಿದ್ದರೂ ಮೆತ್ತಗಿನ ಸುರುಳಿಯನ್ನು ಮೇಲಿನಿಂದ ಅದುಮಿ ಚಪ್ಪಟೆ ಮಾಡುತ್ತದೆ. ಎರಡು ಗೇಣು ಉದ್ದದ ಬಿಳಿ ಹತ್ತಿ ದಾರವನ್ನು ಸುರುಳಿಯ ಅಡಿಗೆ ತೂರಿಸಿ, ಎರಡೂ ತುದಿಗಳನ್ನು ಮೇಲಕ್ಕೆ ತಂದು, ಒಂದರ ಮೇಲೊಂದು ಹಾಯಿಸಿ ಎಳೆದರೆ ದಾರ ಸುತ್ತಲಿನಿಂದಲೂ ಒಮ್ಮೆಗೇ ಕತ್ತರಿಸಿಕೊಂಡು ಬರುತ್ತದೆ. ಕಂದು ಮತ್ತು ಬಿಳಿಯ ಸುತ್ತುಗಳು ಒಂದಿಷ್ಟೂ ಕಲೆಸಿಹೋಗದೆ ದುಂಡಗೆ ಕಾಣುತ್ತವೆ. ಮೊದಲು ಸುರುಳಿಯನ್ನು ಅರ್ಧ ಮಾಡಿ, ಅರ್ಧವನ್ನು ಮತ್ತೆ ಅರ್ಧ ಮಾಡಿ, ಆ ನಾಲ್ಕು ಭಾಗಗಳಲ್ಲಿ ಒಂದೊಂದನ್ನೂ ಮೂರಾಗಿಸಿದರೆ ಹನ್ನೆರಡೂ ಸಮನಾಗಿರುತ್ತವೆ.

ಬೆಣ್ಣೆ ಸವರಿದ 9 ಅಂಗುಲ ಅಗಲ, 13 ಅಂಗುಲ ಉದ್ದದ ಟ್ರೇಯಲ್ಲಿ ಇವನ್ನು ನಾಲ್ಕರ ಮೂರು ಸಾಲಾಗಿ, ನಡುವೆ ಬೆರಳಗಲ ಬಿಟ್ಟು ಜೋಡಿಸಬೇಕು. ನಮ್ಮಲ್ಲಿ ಬಳಕೆಯಲ್ಲಿರುವ ಚಿಕ್ಕ ಒಟಿಜಿ (ಓವನ್-ಟೋಸ್ಟರ್-ಗ್ರಿಲ್) ಓವನ್‌ಗಳಲ್ಲಿ ಇಷ್ಟು ದೊಡ್ಡ ಟ್ರೇ ಹಿಡಿಯದೆ ಹೋಗಬಹುದು. ಆಗ 8 ಅಂಗುಲದ ಎರಡು ಟಿನ್ನುಗಳಲ್ಲಿ ಆರಾರು ಇಟ್ಟು, ಒಂದಾದ ಮೇಲೊಂದು ಬೇಯಿಸಬಹುದು. ಎರಡನೆಯ ಟಿನ್ ಆ ಹೊತ್ತು ಫ್ರಿಜ್‌ನಲ್ಲಿಯೇ ಇದ್ದು, ಸ್ವಲ್ಪ ತಡವಾಗಿ ಹೊರಬಂದರೆ ಸರಿಹೋಗುತ್ತದೆ. ಒಣಗದಂತೆ ಬಿಗಿಯಾಗಿ ಮುಚ್ಚಿ ಫ್ರಿಜ್‌ಗೆ ಸೇರಿಸಿದರೆ ಸಂಜೆಯ ಕೆಲಸ ಮುಗಿಯಿತು. ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಯೀಸ್ಟ್ ನಿಲ್ಲುವುದಿಲ್ಲ, ತೀರಾ ನಿಧಾನವಾಗುತ್ತದೆ. ಎಂಟರಿಂದ ಹದಿನಾಲ್ಕು ಗಂಟೆಯವರೆಗೆ ಹೀಗೆ ಇಡಬಹುದು. ಅದಕ್ಕೂ ಹೆಚ್ಚಾದರೆ ಹುಳಿವಾಸನೆ ಬರಬಹುದು, ಹಿಟ್ಟಿನ ಬಲವೂ ಕುಂದುತ್ತದೆ.

ತಿಂಡಿ ಎಂಟೂವರೆಗೆ ಬೇಕೆಂದರೆ ಆರು ಗಂಟೆಗೆ ಟ್ರೇ ಹೊರಗಿಡಬೇಕು. ತಣ್ಣಗಿನ ಹಿಟ್ಟನ್ನು ನೇರವಾಗಿ ಬಿಸಿ ಓವನ್‌ಗೆ ಹಾಕಿದರೆ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿ ಉಳಿಯುವ ಅಪಾಯವಿದೆ. ಒಂದರಿಂದ ಒಂದೂವರೆ ಗಂಟೆಯಲ್ಲಿ ರೋಲ್‌ಗಳು ಚೆನ್ನಾಗಿ ಉಬ್ಬಿ ಒಂದಕ್ಕೊಂದು ತಾಗುತ್ತವೆ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಬೇಕು: ತಗ್ಗು ತಟ್ಟನೆ ಮೇಲೆದ್ದರೆ ಇನ್ನೂ ಹೊತ್ತು ಬೇಕು, ನಿಧಾನವಾಗಿ ಅರ್ಧದಷ್ಟು ತುಂಬಿಕೊಂಡರೆ ಬೇಯಿಸಲು ಸಿದ್ಧ. ಓವನ್ನನ್ನು 180 ಡಿಗ್ರಿಗೆ ಮೊದಲೇ ಕಾಯಿಸಿ, ಒಟಿಜಿಯಾದರೆ ಮೇಲಿನ ಮತ್ತು ಕೆಳಗಿನ ಎರಡೂ ರಾಡ್‌ಗಳನ್ನು ಹಾಕಿ, ಟ್ರೇಯನ್ನು ನಡುವಿನ ಅಂತಸ್ತಿನಲ್ಲಿಟ್ಟು 24ರಿಂದ 28 ನಿಮಿಷ ಬೇಯಿಸಬೇಕು. ಮೈಕ್ರೋವೇವ್‌ನ ಕನ್ವೆಕ್ಷನ್ ಕ್ರಮದಲ್ಲಿ 170 ಡಿಗ್ರಿ ಸಾಕು. ಹದಿನೈದು ನಿಮಿಷಕ್ಕೇ ಮೇಲೆ ಕೆಂಪೇರಿದರೆ ಫಾಯಿಲ್ ಹಾಳೆಯನ್ನು ಸಡಿಲವಾಗಿ ಹೊದಿಸಬೇಕು. ನಡುವಿನ ರೋಲ್ ಬೆಂದಿದೆಯೇ ಎಂಬುದೇ ಮುಖ್ಯ. ಅಡುಗೆಯ ಥರ್ಮಾಮೀಟರ್ ಇದ್ದರೆ ಅದರೊಳಗೆ 88ರಿಂದ 90 ಡಿಗ್ರಿ ತೋರಿಸಬೇಕು, ಇಲ್ಲದಿದ್ದರೆ ಪದರವನ್ನು ಫೋರ್ಕಿನಿಂದ ಸ್ವಲ್ಪ ಎತ್ತಿ ನೋಡಿದಾಗ ಹಿಟ್ಟು ಹಸಿಯಾಗಿ ಹೊಳೆಯಬಾರದು.

ಬೇಯುತ್ತಿರುವಾಗಲೇ ಐಸಿಂಗ್ ಸಿದ್ಧಪಡಿಸಿಕೊಳ್ಳಬೇಕು. 120 ಗ್ರಾಂ ಕ್ರೀಮ್ ಚೀಸ್ ಮತ್ತು 50 ಗ್ರಾಂ ಮೆತ್ತಗಿನ ಬೆಣ್ಣೆಯನ್ನು ಗಂಟಿಲ್ಲದಂತೆ ಕಡೆದು, 100 ಗ್ರಾಂ ಐಸಿಂಗ್ ಸಕ್ಕರೆ, ಅರ್ಧ ಚಿಕ್ಕ ಚಮಚ ವೆನಿಲ್ಲಾ ಮತ್ತು ಚಿಟಿಕೆ ಉಪ್ಪು ಬೆರೆಸಿದರೆ ಆಯಿತು. ಇದರ ಹುಳಿ ಒಳಗಿನ ಸಿಹಿಯನ್ನು ಸಮತೂಗಿಸುತ್ತದೆ. ಕ್ರೀಮ್ ಚೀಸ್ ಇಲ್ಲದಿದ್ದರೆ ರಾತ್ರಿಯೇ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್‌ನಲ್ಲಿ ನೀರು ಬಸಿದು ಬಳಸಬಹುದು. ಐಸಿಂಗ್ ತುಸು ತೆಳುವಾದರೂ ಹುಳಿ ಸರಿಯಾಗಿ ಸಿಗುತ್ತದೆ. ಹಾಲಿನಲ್ಲಿ ಕಲಸಿದ ಬರಿಯ ಸಕ್ಕರೆಯ ಐಸಿಂಗನ್ನು ನಾನು ಸೂಚಿಸುವುದಿಲ್ಲ, ಸಿಹಿಯ ಮೇಲೆ ಸಿಹಿ ಸೇರಿ ದಾಲ್ಚಿನ್ನಿಯ ರುಚಿಯೇ ಮರೆಯಾಗುತ್ತದೆ. ಟ್ರೇ ಹೊರಬಂದ ಐದು ನಿಮಿಷಕ್ಕೆ ಐಸಿಂಗ್‌ನ ಅರ್ಧವನ್ನು ಹಚ್ಚಬೇಕು, ಅದು ಕರಗಿ ಪದರಗಳೊಳಗೆ ಇಳಿಯುತ್ತದೆ. ಉಳಿದರ್ಧವನ್ನು ಇನ್ನೊಂದು ಹತ್ತು ನಿಮಿಷದ ಮೇಲೆ ಹಚ್ಚಿದರೆ ಅದು ಬೆಳ್ಳಗೆ ಮೇಲೆಯೇ ನಿಲ್ಲುತ್ತದೆ.

ಉಳಿದ ರೋಲ್‌ಗಳನ್ನು ಆ ದಿನದ ಮಟ್ಟಿಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹೊರಗೇ ಇಡಬಹುದು. ಫ್ರಿಜ್‌ನ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗುವುದರಿಂದ ಯಾವುದೇ ಬ್ರೆಡ್ ಅಲ್ಲಿ ಒಣಗಿದಂತಾಗುತ್ತದೆ. ಆದರೆ ಚೀಸ್ ಅಥವಾ ಮೊಸರಿನ ಐಸಿಂಗ್ ಹಚ್ಚಿದ್ದನ್ನು ರಾತ್ರಿಯಿಡೀ ಹೊರಗಿಡುವುದು ಸುರಕ್ಷಿತವಲ್ಲವಾದ್ದರಿಂದ ಅದನ್ನು ಫ್ರಿಜ್‌ನಲ್ಲಿಟ್ಟು, ತಿನ್ನುವ ಮುನ್ನ ಮೈಕ್ರೋವೇವ್‌ನಲ್ಲಿ 15ರಿಂದ 20 ಸೆಕೆಂಡು ಬಿಸಿ ಮಾಡಿದರೆ ಮತ್ತೆ ಮೃದುವಾಗುತ್ತದೆ. ಮನೆಯಲ್ಲಿ ತಿನ್ನುವವರು ನಾಲ್ಕೇ ಜನರಿದ್ದರೆ ಒಂದು ಟಿನ್ನಿಗೆ ಮಾತ್ರ ಐಸಿಂಗ್ ಹಚ್ಚಿ, ಇನ್ನೊಂದನ್ನು ಪೂರ್ತಿ ಆರಿದ ಮೇಲೆ ಫಾಯಿಲ್‌ನಲ್ಲಿ ಸುತ್ತಿ ಫ್ರೀಜರ್‌ಗೆ ಹಾಕಬಹುದು. ಅದು ಒಂದು ತಿಂಗಳು ಚೆನ್ನಾಗಿರುತ್ತದೆ. ಬೇಕಾದ ದಿನ ಫಾಯಿಲ್ ಸಮೇತ 160 ಡಿಗ್ರಿಯಲ್ಲಿ ಒಳಗೆಲ್ಲ ಬಿಸಿಯಾಗುವವರೆಗೆ ಕಾಯಿಸಿ, ಐಸಿಂಗನ್ನು ಆಗಷ್ಟೇ ಹೊಸದಾಗಿ ಕಡೆದು ಹಚ್ಚಬೇಕು.